ಐರ್ಲೆಂಡಿನಲ್ಲಿ ಕುಕ್ಕೂ ಹುಡುಕುವವರು ಮರದೊಳಗೆ ನೋಡಬೇಡಿ

ನಮ್ಮೂರಿನ ಕೋಗಿಲೆಯನ್ನು ತಲೆಯಲ್ಲಿಟ್ಟುಕೊಂಡು ಹೊರಟರೆ ಐರ್ಲೆಂಡಿನ ಕುಕ್ಕೂ ಸಿಗುವುದಿಲ್ಲ. ನಾನು ಹಾಗೇ ಮಾಡಿ ಎರಡು ವರ್ಷ ಕಳೆದುಕೊಂಡೆ. ಯುಗಾದಿ ಹೊತ್ತಿಗೆ ಮಾವಿನ ಮರದೊಳಗೆ ಕೂತು ಕೂಗುತ್ತದಲ್ಲ, ಕಪ್ಪು ಮೈ, ಕೆಂಪು ಕಣ್ಣು, ಕೂಗುತ್ತಾ ಕೂಗುತ್ತಾ ಸ್ವರ ಏರಿಸಿಕೊಂಡು ಹೋಗುವುದು, ಅದಲ್ಲ ಇದು. ಎರಡೂ ಒಂದೇ ಕುಟುಂಬದವು, ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಟ್ಟು ಕೈ ತೊಳೆದುಕೊಳ್ಳುವ ಬುದ್ಧಿಯೂ ಒಂದೇ. ಆದರೆ ಇಲ್ಲಿಯದು ಬೂದು ಬಣ್ಣದ್ದು, ಹಣ್ಣಿನ ಬದಲು ಕಂಬಳಿಹುಳ ತಿನ್ನುತ್ತದೆ, ಹೆಚ್ಚಾಗಿ ಬಯಲಿನಲ್ಲೇ ಓಡಾಡುತ್ತದೆ. ಹಾಗಾಗಿ ಇಲ್ಲಿ ಅದನ್ನು ಕೋಗಿಲೆ ಎನ್ನದೆ ಕುಕ್ಕೂ ಎಂದೇ ಬರೆಯುತ್ತೇನೆ.

ಸಮಯ ತುಂಬಾ ಕಡಿಮೆ. ಆಫ್ರಿಕಾದ ಕಾಡುಗಳಿಂದ ಹೊರಟವು ಏಪ್ರಿಲ್ ಮಧ್ಯದ ನಂತರ ಐರ್ಲೆಂಡಿಗೆ ಬಂದು ಸೇರುತ್ತವೆ. ಜೂನ್ ಮುಗಿಯುವಷ್ಟರಲ್ಲಿ ಮರಿಗಳನ್ನು ಬಿಟ್ಟು ಬೆಳೆದ ಹಕ್ಕಿಗಳು ಹೆಚ್ಚುಕಡಿಮೆ ಎಲ್ಲಾ ಹೊರಟುಹೋಗಿರುತ್ತವೆ. ಮಕ್ಕಳಿಗೆ ರಜೆ ಸಿಕ್ಕ ಮೇಲೆ ಜುಲೈನಲ್ಲಿ ಹೋಗೋಣ ಎಂದುಕೊಂಡಿದ್ದರೆ ಆಸೆ ಬಿಟ್ಟುಬಿಡಿ. ಮೇ ತಿಂಗಳ ಮೊದಲ ಮೂರು ವಾರ ಇದೆಯಲ್ಲ, ಅದೇ ಒಳ್ಳೆಯ ಕಾಲ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಇಲ್ಲಿ ಬಿಸಿಲು ಬಂದ ಹಾಗೆ ಮಾಡಿ ಮತ್ತೆ ಚಳಿ, ಗಾಳಿ, ಮಳೆ ಶುರುವಾಗುತ್ತದೆ. ಪಶ್ಚಿಮದ ಹಳ್ಳಿಯವರು ಇದಕ್ಕೆ ಸ್ಕಾರವೀನ್ ಎನ್ನುತ್ತಾರೆ, ಪೂರ್ತಿ ಐರಿಷ್ ಹೆಸರಿನಲ್ಲಿ ಕುಕ್ಕೂವಿನ ಹೆಸರೂ ಸೇರಿದೆ. ಗಾಳಿ ಬೀಸುವ ದಿನ ಹೋಗಿ ಪ್ರಯೋಜನ ಇಲ್ಲ. ಹಕ್ಕಿ ಕೂಗಿದರೂ ನಿಮ್ಮ ಕಿವಿಗೆ ಬೀಳುವುದು ಜಾಕೆಟ್ಟಿನ ಪಟಪಟ ಸದ್ದು ಮಾತ್ರ.

ಮೇ ಮೊದಲ ವಾರದಲ್ಲಿ ಬೆಳಗ್ಗೆ 6ಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ, ರಾತ್ರಿ 9ರವರೆಗೂ ಬೆಳಕು. ಬೆಳಗಿನ ಜಾವ ಎಲ್ಲಕ್ಕಿಂತ ಒಳ್ಳೆಯದು. ಏಳಲು ಆಗಲ್ಲ ಎನ್ನುವವರು ಸಂಜೆ 7ರ ಮೇಲೆ ಹೋಗಿ, ಗಾಳಿ ಬಿದ್ದ ಸಂಜೆಗಳಲ್ಲೂ ಚೆನ್ನಾಗಿ ಕೂಗುತ್ತದೆ.

ಇನ್ನು ದನಿ. ಗಂಡು ಮಾತ್ರ 'ಕುಕ್‌-ಕೂ' ಎನ್ನುವುದು. ಎರಡೇ ಸ್ವರ, ಎರಡನೆಯದು ಕೆಳಗೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ನಮ್ಮ ಕಿವಿ ಏರುವ ಸ್ವರಕ್ಕೆ ಕಾಯುತ್ತಿರುತ್ತದೆ. ಡಬ್ಲಿನ್ನಿನಲ್ಲಿರುವ ನಮ್ಮವರು ಪ್ರತಿ ವರ್ಷ 'ನಮ್ಮ ಹಿತ್ತಲಲ್ಲಿ ಕುಕ್ಕೂ ಕೂಗಿತು' ಎಂದು ನನಗೆ ರೆಕಾರ್ಡಿಂಗ್ ಕಳಿಸುತ್ತಾರೆ. ಕೇಳಿದರೆ ಪ್ರತಿ ಸಲವೂ ಅದು ಕಾಲರ್ಡ್ ಡವ್, ಕುತ್ತಿಗೆಯ ಮೇಲೆ ಕಪ್ಪು ಗೆರೆ ಇರುವ ತಿಳಿ ಬಣ್ಣದ ಪಾರಿವಾಳ. ಅದು ಮೂರು ಸಲ ಅನ್ನುತ್ತದೆ: ಕು-ಕೂ-ಕು, ನಡುವಿನದು ಉದ್ದ. ವುಡ್ ಪಿಜನ್ ಐದು ಸಲ ಗೊಣಗುತ್ತದೆ. ಎಣಿಸಿ ನೋಡಿ, ಎರಡಕ್ಕೆ ನಿಂತರೆ ಮಾತ್ರ ಕುಕ್ಕೂ. ಅಪರೂಪಕ್ಕೆ ಹೆಣ್ಣನ್ನು ಕಂಡು ಗಂಡಿಗೆ ಹುರುಪು ಬಂದಾಗ 'ಕುಕ್‌-ಕುಕ್‌-ಕೂ' ಎಂದು ತೊದಲುವುದೂ ಉಂಟು, ಆದರೆ ಪಾರಿವಾಳದ ಹಾಗೆ ಗಂಟೆಗಟ್ಟಲೆ ಅಲ್ಲ.

ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಕ್ಲೇರ್ ಕೌಂಟಿಯ ಬರೆನ್, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸುಣ್ಣಕಲ್ಲಿನ ಬೋಳು ಗುಡ್ಡಗಳು, ಕಲ್ಲು ಗೋಡೆ, ಅಲ್ಲಲ್ಲಿ ಹೇಝಲ್ ಪೊದೆ, ಬಿಳಿ ಹೂ ಬಿಡುವ ಒಂಟಿ ಹಾಥಾರ್ನ್ ಗಿಡ. ಕುಕ್ಕೂವಿಗೆ ಕೂರಲು ಜಾಗ, ನಮಗೆ ನೋಡಲು ಬಯಲು. ಮಲಮೋರ್ ಗುಡ್ಡದ ಕಡೆ ರಾಷ್ಟ್ರೀಯ ಉದ್ಯಾನದ ಕಾಲುದಾರಿಗಳಿವೆ. ಕಾನೆಮಾರಾದ ಜೌಗು ಬಯಲು, ಡಾನಿಗಾಲ್, ಕಿಲಾರ್ನಿ ಎಲ್ಲವೂ ಚೆನ್ನ. ಕಿಲಾರ್ನಿಯಲ್ಲಿ 2023ರಲ್ಲಿ ಕೆಲವು ಕುಕ್ಕೂಗಳ ಬೆನ್ನಿಗೆ ಸ್ಯಾಟಲೈಟ್ ಟ್ಯಾಗ್ ಕಟ್ಟಿ ಬಿಟ್ಟಿದ್ದರು. ಅದರಲ್ಲೊಂದು ಕಾಂಗೋ ಕಡೆ ಚಳಿಗಾಲ ಕಳೆದು ಮರುವರ್ಷ ಕಿಲಾರ್ನಿಗೇ ವಾಪಸ್ ಬಂತು. ಡಬ್ಲಿನ್ನಿನಿಂದ ದೂರ ಹೋಗಲು ಆಗದಿದ್ದರೆ ವಿಕ್ಲೋ ಬೆಟ್ಟಗಳು ಇವೆ.

ಈಗ ಮುಖ್ಯ ವಿಷಯ. ಕೂಗು ಕೇಳಿಸಿತು ಎಂದ ಕೂಡಲೇ ಅದರ ಕಡೆ ಓಡಬೇಡಿ. ಹಕ್ಕಿ ಪಕ್ಕದ ಹೊಲದಲ್ಲಿ ಇದೆ ಅನ್ನಿಸುತ್ತದೆ, ನೋಡಿದರೆ ಒಂದು ಕಿಲೋಮೀಟರ್ ಆಚೆ ಇರುತ್ತದೆ. ನಿಂತಲ್ಲೇ ನಿಂತು, ಅಂಗೈ ಬಟ್ಟಲು ಮಾಡಿ ಕಿವಿಯ ಹಿಂದೆ ಹಿಡಿದು, ನಿಧಾನಕ್ಕೆ ತಲೆ ತಿರುಗಿಸಿ. ಯಾವ ಕಡೆ ಜೋರು ಎಂದು ಗೊತ್ತಾದ ಮೇಲೆ ಅಡ್ಡಕ್ಕೆ ನೂರು ಹೆಜ್ಜೆ ನಡೆದು ಮತ್ತೆ ಕೇಳಿ. ಎರಡು ದಿಕ್ಕು ಎಲ್ಲಿ ಕೂಡುತ್ತವೋ ಅಲ್ಲಿ ಹಕ್ಕಿ. ಆಮೇಲೆ ಆ ಜಾಗದಲ್ಲಿ ಎತ್ತರದ್ದು ಏನಿದೆ ನೋಡಿ: ಬೇಲಿ ಕಂಬ, ಕರೆಂಟ್ ತಂತಿ, ಒಣಗಿದ ಕೊಂಬೆ, ಒಂಟಿ ಗಿಡದ ನೆತ್ತಿ. ಎಲೆಯೊಳಗೆ ಹುಡುಕಬೇಡಿ. ನಾನು ಮೊದಲ ವರ್ಷ ಒಂದು ಹೇಝಲ್ ಪೊದೆಯನ್ನು ನಲವತ್ತು ನಿಮಿಷ ಬೈನಾಕ್ಯುಲರಿನಲ್ಲಿ ಜಾಲಾಡಿದೆ, ಹಕ್ಕಿ ಅಷ್ಟೂ ಹೊತ್ತು ಅದರ ಹಿಂದಿನ ಕಲ್ಲು ಗೋಡೆಯ ಮೇಲೆ ಕೂತಿತ್ತು. ಬೇಜಾರಾಗಿ ವಾಪಸ್ ಹೊರಟಾಗ ನನ್ನ ಕಣ್ಣೆದುರೇ ಹಾರಿಹೋಯಿತು!

ಇನ್ನೊಂದು ಗುಟ್ಟು, ಇದು ತಿಳಿಯಲು ನನಗೆ ಮೂರನೇ ವರ್ಷ ಬೇಕಾಯಿತು. ಕುಕ್ಕೂ ಸಿಗದಿದ್ದರೆ ಮೆಡೋ ಪಿಪಿಟ್ ಹುಡುಕಿ. ಗುಬ್ಬಚ್ಚಿ ಗಾತ್ರದ, ಕಂದು ಗೆರೆಗಳ, ನೋಡಲು ಏನೂ ವಿಶೇಷವಿಲ್ಲದ ಹಕ್ಕಿ. ಹುಲ್ಲಿನೊಳಗೆ ನೆಲದ ಮೇಲೆ ಗೂಡು ಕಟ್ಟುತ್ತದೆ. ಐರ್ಲೆಂಡಿನಲ್ಲಿ ಕುಕ್ಕೂ ಜಾಸ್ತಿ ಮೋಸ ಮಾಡುವುದು ಇದಕ್ಕೇ. ಐರಿಷ್ ಭಾಷೆಯಲ್ಲಿ ಇದಕ್ಕೆ ಕುಕ್ಕೂವಿನ ದಾದಿ ಎಂಬ ಅರ್ಥದ ಹೆಸರೂ ಇದೆ, ಪಾಪ. ಪಿಪಿಟ್‌ಗಳು ಇದ್ದಕ್ಕಿದ್ದಂತೆ ಸಿಪ್ ಸಿಪ್ ಎಂದು ಗಲಾಟೆ ಎಬ್ಬಿಸಿ ಯಾವುದೋ ದೊಡ್ಡ ಹಕ್ಕಿಯ ಬೆನ್ನು ಹತ್ತಿದರೆ ಬೈನಾಕ್ಯುಲರ್ ಎತ್ತಿ. ಅದು ಕುಕ್ಕೂ ಇರಬಹುದು, ಗಿಡುಗವೂ ಇರಬಹುದು.

ಎಲ್ಲರೂ ಎಡವುವುದು ಇಲ್ಲೇ. ಬೂದು ಬೆನ್ನು, ಬಿಳಿ ಹೊಟ್ಟೆಯ ಮೇಲೆ ಅಡ್ಡ ಗೆರೆ, ಉದ್ದ ಬಾಲ, ದೂರದಿಂದ ಥೇಟ್ ಸ್ಪ್ಯಾರೋಹಾಕ್ ಗಿಡುಗದ ಹಾಗೆ. ರೆಕ್ಕೆ ನೋಡಿ. ಗಿಡುಗದ ರೆಕ್ಕೆ ಅಗಲ, ತುದಿ ದುಂಡು, ನಾಲ್ಕು ಸಲ ಬಡಿದು ತೇಲುತ್ತದೆ. ಕುಕ್ಕೂವಿನ ರೆಕ್ಕೆ ಚೂಪು, ಬಡಿಯುವಾಗ ಬೆನ್ನಿಗಿಂತ ಮೇಲಕ್ಕೆ ಹೋಗುವುದೇ ಕಡಿಮೆ, ಎಲ್ಲಾ ಕೆಳಗೆ ಕೆಳಗೇ ಬಡಿಯುತ್ತದೆ. ಕೊಕ್ಕು ಕೊಕ್ಕೆಯ ಹಾಗೆ ಬಾಗಿರುವುದಿಲ್ಲ. ಕೂತಾಗ ಇನ್ನೂ ಸುಲಭ: ರೆಕ್ಕೆ ಎರಡೂ ಬದಿಗೆ ಜೋತುಬಿದ್ದಿರುತ್ತವೆ, ತೋಳು ದೊಡ್ಡದಾದ ಶರ್ಟ್ ಹಾಕಿಕೊಂಡ ಹುಡುಗನ ಹಾಗೆ, ಬಾಲ ಮೇಲಕ್ಕೆ. ಕೊನೆಗೂ ನನಗೆ ಹತ್ತಿರದಿಂದ ಸಿಕ್ಕಿದ್ದು ಹೀಗೆ ಒಂದು ಬೇಲಿ ಕಂಬದ ಮೇಲೆ. ಪ್ರತಿ ಕೂಗಿಗೂ ಗಂಟಲು ಉಬ್ಬುತ್ತಿತ್ತು, ಬಾಲ ಆ ಕಡೆ ಈ ಕಡೆ ವಾಲುತ್ತಿತ್ತು, ಹಳದಿ ಕಾಲು ಕೂಡ ಕಂಡವು.

ಹಾರಿಹೋದರೆ ಹಿಂದೆ ಹೋಗಬೇಡಿ. ಗಂಡಿಗೆ ಇಷ್ಟದ ಕೆಲವು ಜಾಗಗಳಿರುತ್ತವೆ, ಒಂದಾದ ಮೇಲೊಂದರ ಮೇಲೆ ಕೂತು ಸುತ್ತು ಹಾಕುತ್ತದೆ. ಗೋಡೆಗೆ ಒರಗಿ, ಫ್ಲಾಸ್ಕಿನ ಚಹಾ ಕುಡಿಯುತ್ತಾ ಅರ್ಧ ಗಂಟೆ ಸುಮ್ನೆ ಕೂರಿ, ಅದೇ ಕಂಬಕ್ಕೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಫೋನಿನಲ್ಲಿ ಕುಕ್ಕೂ ಕೂಗು ಹಾಕಿ ಕರೆಯುವವರಿದ್ದಾರೆ. ಅದು ಬರುವುದೂ ನಿಜ. ಆದರೆ ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅದು ಸುಸ್ತಾಗುತ್ತದೆ ಅಲ್ವಾ? ನಾನು ಹಾಕುವುದಿಲ್ಲ.

ಆಗ ಇನ್ನೊಂದು ದನಿಯೂ ಕೇಳಬಹುದು, ಹೂಜಿಯಿಂದ ನೀರು ಗುಳುಗುಳು ಸುರಿದ ಹಾಗೆ. ಅದು ಹೆಣ್ಣು. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಪಿಪಿಟ್ ಗೂಡಿನಿಂದ ಒಂದು ಮೊಟ್ಟೆ ಎತ್ತಿ ತನ್ನದೊಂದು ಇಟ್ಟು, ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಹೊರಡುತ್ತದೆ. ಅದನ್ನು ಕಣ್ಣಾರೆ ನೋಡುವ ಯೋಗ ನನಗಂತೂ ಬಂದಿಲ್ಲ.

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42 ಬೈನಾಕ್ಯುಲರ್ ಸಾಕು. ಉದ್ದ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಉಣ್ಣೆಹುಳ ಇರುತ್ತವೆ, ಅವು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಬಯಲು ಎಂದು ಎಲ್ಲಿ ಬೇಕಾದರಲ್ಲಿ ನುಗ್ಗಬೇಡಿ, ಹೆಚ್ಚಿನದು ರೈತರ ಸ್ವಂತ ಜಮೀನು. ಗುರುತು ಹಾಕಿದ ಕಾಲುದಾರಿಯಲ್ಲೇ ನಡೆಯಿರಿ, ಹುಲ್ಲಿಗೆ ಕಾಲಿಟ್ಟರೆ ಪಿಪಿಟ್ ಗೂಡು ತುಳಿದೀರಿ. ಹೊಲದ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೆ ಟ್ರ್ಯಾಕ್ಟರಿನವರ ಕೈಯಲ್ಲಿ ಬೈಸಿಕೊಳ್ಳುತ್ತೀರಿ, ಅನುಭವದ ಮಾತು.

ಮೇ, ಜೂನ್ ಎರಡೂ ತಪ್ಪಿಹೋದವರಿಗೆ ಒಂದೇ ಒಂದು ದಾರಿ ಉಳಿದಿದೆ. ಜುಲೈನಲ್ಲಿ ಅದೇ ಬಯಲಿಗೆ ಹೋಗಿ ಬೇಲಿ ಕಂಬಗಳನ್ನು ನೋಡಿ. ಕಂದು ಬಣ್ಣದ, ಕತ್ತಿನ ಹಿಂದೆ ಬಿಳಿ ಮಚ್ಚೆ ಇರುವ ದಪ್ಪ ಮರಿಯೊಂದು ಬಾಯಿ ತೆರೆದುಕೊಂಡು ಸಿಸಿಸಿಸಿ ಎಂದು ಒಂದೇ ಸಮನೆ ಗೋಗರೆಯುತ್ತಿರುತ್ತದೆ. ಹುಳ ಹಿಡಿದು ತಂದ ಪಿಪಿಟ್ ಅದರ ಬಾಯಿ ಎಟುಕದೆ ಕೆಲವೊಮ್ಮೆ ಅದರ ಬೆನ್ನಿನ ಮೇಲೇ ಹತ್ತಿ ನಿಂತು ಉಣಿಸುತ್ತದೆ.