ಹದಿನೇಳಲ್ಲ, ಹದಿನಾರು: ಸ್ವಿಫ್ಟ್‌ಗೆ ರಿಮ್ಮು-ಟೈರು ಆರಿಸಿದ ಲೆಕ್ಕ

ಗಾಡಿ 2018ರ ಮಾದರಿಯ ಸ್ವಿಫ್ಟ್, ಮೇಲಿನ ವೇರಿಯಂಟ್. ಕಂಪನಿಯಿಂದ ಬಂದ ಟೈರು 185/65 ಆರ್15 (ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 65, ರಿಮ್ಮು 15 ಇಂಚು). ಈಗ ಅದರ ಮೇಲಿರುವುದು 195/55 ಆರ್16, ರಿಮ್ಮಿನ ಅಗಲ 6ಜೆ, ಅಂದರೆ 6 ಇಂಚು. ಸ್ಟೇರಿಂಗ್ ತಿರುಗಿಸಿದ ಕೂಡಲೇ ಮುಂಭಾಗ ತಿರುಗಬೇಕು, ಹಸಿ ರಸ್ತೆಯಲ್ಲಿ ಬ್ರೇಕ್ ಕಚ್ಚಬೇಕು, 1.2 ಲೀಟರ್ ಎಂಜಿನ್ ಮಂದವಾಗಬಾರದು. ಬೇಕಾಗಿದ್ದು ಇಷ್ಟೇ. ಗಾಡಿಯ ಓಡಾಟ ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದ ನಡುವೆ, ಆಗಾಗ ಗದಗ, ಕಲಘಟಗಿ ದಾಟಿ ಯಲ್ಲಾಪುರದ ಕಡೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಾವ ಟೈರು ಅಂಗಡಿ ಮುಂದೆ ನಿಂತರೂ ಮೊದಲು ಕಿವಿಗೆ ಬೀಳುವ ಮಾತು, "ಹದಿನೇಳು ಹಾಕಿಸ್ರಿ ಸರ, ಗಾಡಿ ಖಡಕ್ ಕಾಣತೈತಿ." ಕಾಣುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೂ ಹದಿನೇಳು ಬಿಟ್ಟು ಹದಿನಾರಕ್ಕೆ ನಿಂತದ್ದಕ್ಕೆ ಕಾರಣ ಲೆಕ್ಕದಲ್ಲಿದೆ.

ಮೊದಲು ಟೈರಿನ ಒಟ್ಟು ವ್ಯಾಸ. ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಸಿಗುತ್ತದೆ. ಅದರ ಎರಡರಷ್ಟಕ್ಕೆ ರಿಮ್ಮಿನ ಇಂಚುಗಳನ್ನು 25.4ರಿಂದ ಗುಣಿಸಿ ಕೂಡಿಸಬೇಕು. 185/65 ಆರ್15ಕ್ಕೆ ಸೈಡ್‌ವಾಲ್ 120.25 ಮಿ.ಮೀ., ಒಟ್ಟು ವ್ಯಾಸ 621.5 ಮಿ.ಮೀ. ಬದಲಿಗೆ ಹಾಕಬಹುದಾದವು ಹೀಗೆ ಬರುತ್ತವೆ:

195/60 ಆರ್15: 615.0 ಮಿ.ಮೀ., ಶೇ. 1ರಷ್ಟು ಕಡಿಮೆ.
195/55 ಆರ್16: 620.9 ಮಿ.ಮೀ., ಶೇ. 0.1 ಕಡಿಮೆ.
205/50 ಆರ್16: 611.4 ಮಿ.ಮೀ., ಶೇ. 1.6 ಕಡಿಮೆ.
205/55 ಆರ್16: 631.9 ಮಿ.ಮೀ., ಶೇ. 1.7 ಹೆಚ್ಚು.
205/45 ಆರ್17: 616.3 ಮಿ.ಮೀ., ಶೇ. 0.8 ಕಡಿಮೆ.

ಶೇ. 1ರೊಳಗಿದ್ದರೆ ನನಗೆ ಒಪ್ಪಿಗೆ, 2 ದಾಟಿದರೆ ಆ ಅಳತೆಯನ್ನು ನೋಡುವುದೇ ಇಲ್ಲ. ವ್ಯಾಸ ಹೆಚ್ಚಾದಷ್ಟೂ ಗೇರು ಉದ್ದವಾದಂತಾಗಿ ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಅರಬೈಲ್ ಘಟ್ಟ ಹತ್ತುವಾಗ ಮೂರನೆಯ ಗೇರಿನಲ್ಲಿ ಹೋಗುವ ಕಡೆ ಎರಡಕ್ಕೆ ಇಳಿಸಬೇಕಾಗುತ್ತದೆ. ಸ್ಪೀಡೋಮೀಟರೂ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ವ್ಯಾಸ ಕಡಿಮೆಯಾದರೆ ಎಳೆತ ಚುರುಕು, ಆದರೆ ಓಡೋಮೀಟರಿನಲ್ಲಿ ಕಿಲೋಮೀಟರ್ ಬೇಗ ಬೇಗ ಏರುತ್ತವೆ. "ಮೈಲೇಜ್ ಭಾಳ ಛಲೋ ಬಂತು" ಎನ್ನುವವರಲ್ಲಿ ಕೆಲವರದು ಈ ಲೆಕ್ಕದ ಮೈಲೇಜು.

ವ್ಯಾಸ ಮಾತ್ರ ನೋಡಿದರೆ 205/45 ಆರ್17 ಕೂಡ ಪಾಸಾಗುತ್ತದೆ. ಅದು ಸೋಲುವುದು ಸೈಡ್‌ವಾಲಿನಲ್ಲಿ. ಹದಿನೈದರಲ್ಲಿ 120 ಮಿ.ಮೀ. ಇದ್ದದ್ದು ಹದಿನಾರರಲ್ಲಿ 107ಕ್ಕೆ ಇಳಿಯುತ್ತದೆ, ಹದಿನೇಳರಲ್ಲಿ 92ಕ್ಕೆ. ಅಂದರೆ ಒಂದಿಂಚಿಗಿಂತ ಹೆಚ್ಚು ರಬ್ಬರು ಹೋಗಿ ಆ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಎರಿ ಮಣ್ಣಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆಅಲೆಯಾಗಿ ಏಳುತ್ತದೆ, ಅಂಚು ಕಡಿದು ಬೀಳುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಒಳರಸ್ತೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಕಾಣುವ ತಗ್ಗುಗಳ ಅಂಚು ಇಳಿಜಾರಾಗಿರುವುದಿಲ್ಲ, ಕೊಯ್ದ ಹಾಗೆ ನೆಟ್ಟಗಿರುತ್ತದೆ. ಅಂಥ ಅಂಚಿಗೆ ವೇಗದಲ್ಲಿ ಬಡಿದರೆ ಸೈಡ್‌ವಾಲ್ ಪೂರ್ತಿ ಮಡಚಿಕೊಂಡು ರಿಮ್ಮಿನ ತುಟಿಗೂ ತಗ್ಗಿನ ಅಂಚಿಗೂ ನಡುವೆ ಸಿಕ್ಕಿಬೀಳುತ್ತದೆ. ಒಳಗಿನ ದಾರ ಹರಿದು ಮರುದಿನಕ್ಕೆ ಟೈರಿನ ಪಕ್ಕ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ, ತೆಗೆದು ಎಸೆಯಬೇಕು. ರಿಮ್ಮು ಬಾಗುವುದು ಹೆಚ್ಚಾಗಿ ಒಳಮೈಯ ತುಟಿಯಲ್ಲಿ, ಹೊರಗಿನಿಂದ ಕಾಣುವುದೇ ಇಲ್ಲ. ಗಾಳಿ ಸಣ್ಣಗೆ ಇಳಿಯತೊಡಗಿದಾಗ, ಇಲ್ಲವೇ 80ರ ವೇಗದಲ್ಲಿ ಸ್ಟೇರಿಂಗ್ ನಡುಗಿದಾಗ ಮಾತ್ರ ಗೊತ್ತಾಗುತ್ತದೆ. ಬಿಸಿ ಮಾಡಿ ನೆಟ್ಟಗೆ ಮಾಡಿಕೊಡುವವರಿದ್ದಾರೆ. ಬಿರುಕು ಬಿಟ್ಟದ್ದನ್ನು ವೆಲ್ಡ್ ಮಾಡಿಸಿ ಮತ್ತೆ ಹೆದ್ದಾರಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

195/60 ಆರ್15 ಬಗ್ಗೆ ಒಂದು ಮಾತು. ಇದು ಅಗ್ಗದ ದಾರಿ. ರಿಮ್ಮು ಹಳೆಯದೇ, ಅಗಲ ಹೆಚ್ಚು, ಸೈಡ್‌ವಾಲ್ 117 ಮಿ.ಮೀ. ಹಿಡಿತ ಮಾತ್ರ ಬೇಕು, ನೋಟ ಬೇಡ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಉಳಿದ ಹಣದಲ್ಲಿ ಒಳ್ಳೆಯ ರಬ್ಬರಿನ ಟೈರು ಬರುತ್ತದೆ, ಮತ್ತು ಹಿಡಿತವೆಂಬುದು ಇಂಚಿಗಿಂತ ರಬ್ಬರಿನಿಂದಲೇ ಹೆಚ್ಚು ಬರುವುದು. 195/55 ಆರ್16ಕ್ಕೆ ನಾನು ಹೋದದ್ದು ಸೈಡ್‌ವಾಲ್ ಗಿಡ್ಡವಾದಷ್ಟೂ ಸ್ಟೇರಿಂಗಿನ ಉತ್ತರ ಬೇಗ ಬರುತ್ತದೆ ಎಂಬ ಕಾರಣಕ್ಕೆ. ಜೊತೆಗೆ ಬಲೆನೊ, ಐ20ಯಂಥ ಗಾಡಿಗಳ ಮೇಲಿನ ವೇರಿಯಂಟುಗಳಿಗೆ ಕಂಪನಿಯವರೇ ಈ ಅಳತೆ ಕೊಡುವುದರಿಂದ ಟೈರು ಎಲ್ಲ ಕಂಪನಿಗಳಲ್ಲೂ ಸಿಗುತ್ತದೆ. 205/50 ಆರ್16 ಹುಡುಕಿಕೊಂಡು ಅಲೆಯುವ ಕೆಲಸವಿಲ್ಲ.

ಇನ್ನು ರಿಮ್ಮು. ಎಲ್ಲರೂ ಪಿಸಿಡಿ (ನಟ್ಟಿನ ತೂತುಗಳು ಕೂರುವ ವೃತ್ತದ ವ್ಯಾಸ) ಒಂದನ್ನೇ ಕೇಳುತ್ತಾರೆ. ಸ್ವಿಫ್ಟ್‌ಗೆ ಅದು 4×100 (ನಾಲ್ಕು ತೂತು, 100 ಮಿ.ಮೀ.), ಹೋಂಡಾ ಸಿಟಿಗೂ ಐ20ಗೂ ಅದೇ. ನಾಲ್ಕು ತೂತು ಹೊಂದಿದ ಮಾತ್ರಕ್ಕೆ ರಿಮ್ಮು ಹೊಂದಿತು ಅಂತಲ್ಲ. ನಡುವಿನ ಹಬ್ ತೂತು (ಗಾಡಿಯ ಹಬ್ ಹೊಗುವ ಜಾಗ) ಸ್ವಿಫ್ಟ್‌ನಲ್ಲಿ 54.1 ಮಿ.ಮೀ., ಸಿಟಿಯಲ್ಲಿ 56.1. ಹೊರಗಡೆ ಮಾರುವ ಅಲಾಯ್‌ಗಳಲ್ಲಿ ಹಲವು ಗಾಡಿಗಳಿಗೆ ಹೊಂದಲಿ ಎಂದು 67.1 ಅಥವಾ 73.1 ಕೊರೆದಿರುತ್ತಾರೆ. ಆ ಸಂದನ್ನು ಹಬ್ ರಿಂಗ್ ಹಾಕಿ ತುಂಬಲೇಬೇಕು. ಹಾಕದಿದ್ದರೆ ರಿಮ್ಮನ್ನು ನಡುವಿಗೆ ತರುವ ಕೆಲಸ ನಟ್ಟುಗಳ ಮೇಲೆ ಬೀಳುತ್ತದೆ. ಬಿಗಿ ಮಾಡುವಾಗ ಕೂದಲೆಳೆಯಷ್ಟು ಸರಿದರೂ ಸಾಕು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಯಂತ್ರದ ಮೇಲೆ ಸರಿಯಾಗಿದೆ, ಗಾಡಿಯ ಮೇಲೆ ಸರಿಯಿಲ್ಲ ಅಂತಾದರೆ ಮೊದಲ ಅನುಮಾನ ಇದರ ಮೇಲೇ. ರಿಂಗ್ ಅಲ್ಯೂಮಿನಿಯಂನದೇ ಇರಲಿ. ಪ್ಲಾಸ್ಟಿಕ್ಕಿನದು ಘಟ್ಟ ಇಳಿಯುವಾಗ ಬ್ರೇಕಿನ ಕಾವಿಗೆ ಮೆತ್ತಗಾಗಿ ಕೆಡುತ್ತದೆ.

ಹೆಚ್ಚು ಜನ ಎಡವುವುದು ಆಫ್‌ಸೆಟ್‌ನಲ್ಲಿ. ರಿಮ್ಮಿನ ಹಿಂಬದಿಯಲ್ಲಿ 'ಇಟಿ' ಎಂದು ಅಚ್ಚಾಗಿರುವ ಅಂಕಿ ಅದು: ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದು. ಅಂಕಿ ಕಡಿಮೆಯಾದಷ್ಟೂ ಗಾಲಿ ಹೊರಕ್ಕೆ ಬರುತ್ತದೆ. ಹಳೆಯ ರಿಮ್ಮು ಬಿಚ್ಚಿದಾಗಲೇ ಅದರ ಮೇಲಿನ ಅಗಲ ಮತ್ತು ಇಟಿ ಬರೆದುಕೊಳ್ಳಿ. ಹಳೆಯದು 5.5ಜೆ, ಇಟಿ 45 ಇದೆ ಎಂದು ಇಟ್ಟುಕೊಳ್ಳೋಣ. ಹೊಸದು 6ಜೆ, ಇಟಿ 40 ಆದರೆ ಅರ್ಧ ಇಂಚಿನ ಅರ್ಧ 6.35, ಇಟಿ ವ್ಯತ್ಯಾಸ 5, ಒಟ್ಟು 11.35 ಮಿ.ಮೀ. ಹೊರಕ್ಕೆ. ಒಳಕ್ಕೆ 6.35ರಲ್ಲಿ 5 ಕಳೆದು 1.35 ಮಿ.ಮೀ. ಮಾತ್ರ. ಇದು ನಡೆಯುತ್ತದೆ. ಅದೇ 7ಜೆ, ಇಟಿ 35 ತಂದರೆ ಒಂದೂವರೆ ಇಂಚಿನ ಅರ್ಧ 19, ಜೊತೆಗೆ 10, ಅಂದರೆ 29 ಮಿ.ಮೀ. ಹೊರಕ್ಕೆ, 9 ಮಿ.ಮೀ. ಒಳಕ್ಕೆ. ಹಿಂದೆ ಮೂವರು ಕೂತರೆ ಫೆಂಡರ್ (ಗಾಲಿಯ ಮೇಲಿನ ತಗಡು) ಅಂಚು ಟೈರನ್ನು ಕೊಯ್ಯುತ್ತದೆ, ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ. ಲಾರಿಗಳು ತುಳಿದು ಸಾಲು ಬಿದ್ದ ರಸ್ತೆಯಲ್ಲಿ ಸ್ಟೇರಿಂಗ್ ತಾನೇ ಅತ್ತಿತ್ತ ಎಳೆಯುತ್ತದೆ. ಮಳೆಗಾಲದಲ್ಲಿ ಬಾಗಿಲ ತುಂಬ ರಾಡಿ ಹಾರುವುದಂತೂ ಇದ್ದದ್ದೇ. ಟೈರಿಗೆ ಒಪ್ಪುವ ರಿಮ್ಮಿನ ಅಗಲಕ್ಕೂ ಮಿತಿ ಇದೆ: 195/55 ಆರ್16ಕ್ಕೆ 5.5ರಿಂದ 7 ಇಂಚು, 205/45 ಆರ್17ಕ್ಕೆ 6.5ರಿಂದ 7.5.

ಕಣ್ಣಿಗೆ ಕಾಣದ ಇನ್ನೊಂದು ಖರ್ಚು ತೂಕ. ಅಗ್ಗದ ಎರಕದ ರಿಮ್ಮು ಹಳೆಯದಕ್ಕಿಂತ ಒಂದೆರಡು ಕಿಲೋ ಹೆಚ್ಚು ತೂಗುವುದು ಅಪರೂಪವಲ್ಲ. ಸಸ್ಪೆನ್ಷನ್‌ನ ಕೆಳಗಿರುವ, ಸಾಲದ್ದಕ್ಕೆ ತಿರುಗಲೂ ಬೇಕಾದ ತೂಕ ಇದು. ತಗ್ಗು-ದಿಣ್ಣೆಯಲ್ಲಿ ಗಾಡಿ ಕುಟ್ಟುತ್ತದೆ, ಪಿಕಪ್ ಇಳಿಯುತ್ತದೆ. ಅಂಗಡಿಯಲ್ಲಿ ರಿಮ್ಮನ್ನು ತೂಕಕ್ಕೆ ಹಾಕಿಸಿ ಎಂದರೆ ನಗುತ್ತಾರೆ, ನಗಲಿ. ಹಿಂಬದಿಯಲ್ಲಿ ಎಷ್ಟು ಕಿಲೋ ಹೊರುತ್ತದೆ ಎಂಬ ಅಚ್ಚಿದೆಯೇ ನೋಡಿ. ಇಲ್ಲದಿದ್ದರೆ ಎಷ್ಟೇ ಚಂದವಿದ್ದರೂ ಬಿಟ್ಟು ಬನ್ನಿ.

ಟೈರಿನ ಮೇಲೂ ಹೊರೆಯ ಅಂಕಿ ಇರುತ್ತದೆ. 88 ಎಂದರೆ 560 ಕಿಲೋ, 87 ಎಂದರೆ 545, 91 ಎಂದರೆ 615. ಪಕ್ಕದ ಅಕ್ಷರ ವೇಗದ್ದು: ಟಿ 190, ಎಚ್ 210, ವಿ 240 ಕಿ.ಮೀ. ಹಳೆಯ ಟೈರಿನ ಅಂಕಿಗಿಂತ ಕೆಳಗಿಳಿಯಬಾರದು ಎಂಬುದು ನನ್ನ ಪಟ್ಟು. 195/55 ಆರ್16 ಹೆಚ್ಚಾಗಿ 87ರಲ್ಲಿ ಸಿಗುತ್ತದೆ, ಕೇಳಿದರೆ 91 ಎಕ್ಸ್‌ಎಲ್ (ಹೆಚ್ಚು ಹೊರೆ ಹೊರುವ ಬಗೆ) ಕೂಡ ಇದೆ. ನಾನು ಕೊಂಡದ್ದು ಎಕ್ಸ್‌ಎಲ್. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಟೈರಿನ ಹೊರೆ ಲೆಕ್ಕ 2.5 ಬಾರ್ ಗಾಳಿಗೆ, ಎಂದರೆ 36 ಪಿಎಸ್‌ಐಗೆ, ಎಕ್ಸ್‌ಎಲ್‌ನದು 2.9 ಬಾರ್, 42 ಪಿಎಸ್‌ಐಗೆ. ಹೀಗಾಗಿ ಅದೇ ಅಂಕಿಯ ಎಕ್ಸ್‌ಎಲ್ ಟೈರಿಗೆ ಹಳೆಯ ಗಾಳಿಯನ್ನೇ ಹಾಕಿದರೆ ಅದು ಹಳೆಯ ಟೈರಿನಷ್ಟು ಹೊರುವುದಿಲ್ಲ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವುದಕ್ಕಿಂತ 2 ಪಿಎಸ್‌ಐ ಹೆಚ್ಚಿಟ್ಟು, ತುಂಬಿದ ಗಾಡಿಗೆ ಹಿಂದೆ ಇನ್ನೆರಡು ಸೇರಿಸುತ್ತೇನೆ. ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿದ್ದಾಗ. ಗದಗಿನ ಏಪ್ರಿಲ್ ಬಿಸಿಲಲ್ಲಿ ಓಡಿ ನಿಂತ ಟೈರಿನಲ್ಲಿ ಗಾಳಿ ಹೆಚ್ಚಾಗಿದೆ ಎಂದು ಹೊರಬಿಟ್ಟರೆ ರಾತ್ರಿಗೆ ಕಡಿಮೆಯಾಗಿರುತ್ತದೆ.

ಕೊಳ್ಳುವಾಗ ಸೈಡ್‌ವಾಲಿನ ಕೊನೆಯ ನಾಲ್ಕಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ನಾಲ್ಕೂ ಟೈರಿನಲ್ಲಿ ನೋಡಿ, ಮೂರು ಹೊಸದು ಒಂದು ಹಳೆಯದು ಸೇರಿಸುವ ಚಾಳಿ ಇದೆ. ಐಎಸ್‌ಐ ಗುರುತಿರಬೇಕು.

ಜೋಡಣೆಯಲ್ಲಿ ನಾನು ಬಿಡದ ಒಂದು ಹಟ: ಟೈರು ಏರಿಸುವ ಮುಂಚೆ ಬರೀ ರಿಮ್ಮನ್ನು ಮುಂದೊಂದು, ಹಿಂದೊಂದು ಹಾಕಿ ನೋಡುವುದು. ಟೈರು ಏರಿದ ಮೇಲೆ ರಿಮ್ಮನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿ ತಿರುಗಿಸಿದಾಗ ಬ್ರೇಕ್ ಕ್ಯಾಲಿಪರಿಗೂ ರಿಮ್ಮಿಗೂ ಕನಿಷ್ಠ 3 ಮಿ.ಮೀ. ಸಂದು ಬೇಕು. ಟೈರು ಏರಿಸಿದ ಮೇಲೆ ಅದಕ್ಕೂ ಸ್ಟ್ರಟ್‌ಗೂ (ಸಸ್ಪೆನ್ಷನ್‌ನ ಕಂಬ) ನಡುವೆ 6 ಮಿ.ಮೀ. ಹಬ್ಬಿನ ಮುಖಕ್ಕೆ ಹಿಡಿದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ರಿಮ್ಮು ಸಮವಾಗಿ ಕೂರುವುದಿಲ್ಲ. ಸುಜುಕಿ ಸ್ಟಡ್ (ನಟ್ಟು ಕೂರುವ ಬೋಲ್ಟು) ಎಂ12×1.25, ಅಂದರೆ 12 ಮಿ.ಮೀ. ದಪ್ಪ, ಎಳೆಗಳ ಅಂತರ 1.25 ಮಿ.ಮೀ.; ಹೋಂಡಾ ಮತ್ತು ಹ್ಯುಂಡೈಯದು ಎಂ12×1.5. ತಪ್ಪು ನಟ್ಟು ಎರಡು ಸುತ್ತು ಹೋಗಿ ಬಿಗಿಯಾದಂತೆ ಅನ್ನಿಸುತ್ತದೆ, ಏರ್ ಗನ್ ಹಿಡಿದರೆ ಎಳೆ ಕೊಚ್ಚಿ ಸ್ಟಡ್ಡೇ ಹಾಳಾಗುತ್ತದೆ. ಆದ್ದರಿಂದ ಮೊದಲು ಕೈಯಲ್ಲೇ ತಿರುಗಿಸಿ, ಎದುರುಬದುರಾಗಿ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚ್. ಈ ವರ್ಗದ ಗಾಡಿಗಳಿಗೆ 85ರಿಂದ 110 ನ್ಯೂಟನ್ ಮೀಟರ್, ನಿಖರ ಅಂಕಿ ಗಾಡಿಯ ಕೈಪಿಡಿಯಲ್ಲಿರುತ್ತದೆ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ರೆಂಚ್ ಹಾಕಬೇಕು, ಹೊಸ ಅಲಾಯ್ ಕೂತುಕೊಂಡಾಗ ನಟ್ಟು ಸಡಿಲಾಗುತ್ತದೆ.

ಉಜ್ಜುತ್ತದೆಯೇ ಎಂದು ನೋಡಲು ಫೆಂಡರ್ ಒಳಗಿನ ಅಂಚಿಗೂ ಲೈನರಿಗೂ (ಅದರೊಳಗಿನ ಹೊದಿಕೆ) ಸೀಮೆಸುಣ್ಣ ಗಟ್ಟಿಯಾಗಿ ಬಳಿದು, ಹಿಂದಿನ ಸೀಟು ಡಿಕ್ಕಿ ಎರಡನ್ನೂ ತುಂಬಿಸಿ, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ ತಿರುಗಿಸಿ ಹಂಪ್ ದಾಟಿಸಬೇಕು. ಸುಣ್ಣ ಅಳಿಸಿದ ಜಾಗವೇ ಉಜ್ಜುವ ಜಾಗ. ಆಮೇಲೆ ಅಲೈನ್‌ಮೆಂಟ್. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದ ಗಾಡಿ ಹೆದ್ದಾರಿಯಲ್ಲಿ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡಬೇಡಿ. ರಿಮ್ಮಿನ ಒಳಮೈಗೆ ಎರಿ ಮಣ್ಣು ಮೆತ್ತಿ ಒಣಗಿರುತ್ತದೆ, ನೀರಿನ ಪೈಪು ಹಿಡಿದರೆ ನಡುಕ ಹೋಗುತ್ತದೆ.

ಕಾನೂನಿನ ಮಾತು ಚಿಕ್ಕದು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಹಾಗಾಗಿ ಫೆಂಡರ್‌ನಿಂದ ಹೊರಚಾಚುವ ಗಾಲಿ ಬೇಡ, ಬಿಲ್ ಇಟ್ಟುಕೊಳ್ಳಿ, ವಿಮೆ ಕಂಪನಿಗೆ ಬರೆದು ತಿಳಿಸಿ ಅಲಾಯ್ ಬೆಲೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ.

ಉಳಿದದ್ದು ಸ್ಟೆಪ್ನಿ. ಡಿಕ್ಕಿಯಲ್ಲಿರುವುದು 165/80 ಆರ್14ರ ಕಬ್ಬಿಣದ ಗಾಲಿ, ಅದರ ವ್ಯಾಸ 619.6 ಮಿ.ಮೀ., ಹೊಸ ಟೈರಿಗೂ ಅದಕ್ಕೂ ಒಂದೂವರೆ ಮಿಲಿಮೀಟರೂ ವ್ಯತ್ಯಾಸವಿಲ್ಲ. ತೊಂದರೆ ಕೊಡುವುದು ನಟ್ಟು. ಅಲಾಯ್ ಜೊತೆ ಕೊಡುವ ತೆಳು ನಟ್ಟುಗಳಿಗೆ ಕಂಪನಿಯ ಪಾನಾ ಹಿಡಿಯುವುದಿಲ್ಲ, ಅದರ ಕೀಲಿ ಬೇರೆ. ಕೀಲಿಯನ್ನೂ ಹಳೆಯ ನಟ್ಟುಗಳನ್ನೂ ಒಂದು ಚೀಲದಲ್ಲಿ ಕಟ್ಟಿ ಜಾಕಿನ ಪಕ್ಕದಲ್ಲೇ ಇಟ್ಟಿದ್ದೇನೆ. ಕೀಲಿ ಮನೆಯಲ್ಲಿ ಉಳಿದು ಅಣ್ಣಿಗೇರಿ ಹತ್ತಿರ ಪಂಕ್ಚರ್ ಆದರೆ, ಅಲ್ಲಿನ ಪಂಕ್ಚರ್ ಅಂಗಡಿಯವನ ಹತ್ತಿರ ಉಳಿಯುವ ಉಪಾಯ ಉಳಿ-ಸುತ್ತಿಗೆ ಮಾತ್ರ.