ಎರಡಡಿ ಟ್ಯಾಂಕಿಗೆ ಸಿಕ್ಲಿಡ್ ಆರಿಸಿದ ಬಗೆ

ಸಿಕ್ಲಿಡ್ ಅನ್ನುವುದು ಒಂದು ಮೀನಿನ ಕುಟುಂಬ. ಆ ಹೆಸರು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಆಸ್ಕರ್ ಅಥವಾ ಫ್ಲವರ್‌ಹಾರ್ನ್. ಎರಡೂ ಒಂದಡಿ ಹತ್ತಿರ ಬೆಳೆಯುವ ಮೀನುಗಳು. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಇದೇ ಕುಟುಂಬದ್ದು. ಹಾಗಾಗಿ ಸಣ್ಣ ಟ್ಯಾಂಕಿಗೆ ಸಿಕ್ಲಿಡ್ ಆಗಲ್ಲ ಅಂತ ಹೇಳುವವರೇ ಜಾಸ್ತಿ. ಆಗುತ್ತೆ. ಆದರೆ ಮೀನಿನ ಬಣ್ಣ ನೋಡುವ ಮೊದಲು ಮನೆಯ ನಲ್ಲಿ ನೀರು ನೋಡಬೇಕು.

ನನ್ನದು 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ ಟ್ಯಾಂಕ್. ಲೆಕ್ಕಕ್ಕೆ 70 ಲೀಟರ್. ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನೀರು ಹಿಡಿಯುವುದು 60 ಲೀಟರಿಗಿಂತ ಕಡಿಮೆ. ಮನೆ ಬೆಂಗಳೂರಿನ ಹೊರವಲಯದಲ್ಲಿ, ಬರುವುದು ಬೋರ್‌ವೆಲ್ ನೀರು. ಬೇಳೆ ಬೇಯದ ನೀರು ಅಂತಾರಲ್ಲ, ಅದೇ. ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತೆ. ಕಿಟ್‌ನಲ್ಲಿ ಪರೀಕ್ಷೆ ಮಾಡಿದರೆ ಪಿಎಚ್ 8ರ ಆಸುಪಾಸು, ಗಡಸುತನವೂ ಜಾಸ್ತಿ. ಟಿಡಿಎಸ್ ಮೀಟರ್ ಒಂದನ್ನೇ ನಂಬಿಕೊಂಡರೆ ಸಾಲದು. ಅದು ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ ಹೇಳಲ್ಲ. ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ಅಳೆಯುವ ಕಿಟ್ ತಗೊಳ್ಳಿ.

ನೀರು ಗೊತ್ತಾದ ಮೇಲೆ ಎಷ್ಟೋ ಮೀನು ತಾವಾಗಿಯೇ ಪಟ್ಟಿಯಿಂದ ಬಿಟ್ಟುಹೋದವು. ರ‍್ಯಾಮ್ ಸಿಕ್ಲಿಡ್ ಪುಟ್ಟದು, ಚಂದದ್ದು. ಆದರೆ ಅದರ ತವರು ವೆನೆಜುವೆಲಾ, ಕೊಲಂಬಿಯಾ ಕಡೆಯ ಒರಿನೊಕೊ ಬಯಲು. ಅಲ್ಲಿನ ಮೆದು ನೀರು, 27ರಿಂದ 30 ಡಿಗ್ರಿ ಶಾಖ ಅದಕ್ಕೆ ಬೇಕು. ಅಪಿಸ್ಟೋಗ್ರಾಮಾ ಎಂಬ ಪುಟ್ಟ ಸಿಕ್ಲಿಡ್ ಜಾತಿಗಳೂ ಹೆಚ್ಚುಕಮ್ಮಿ ಹಾಗೆಯೇ. ಆರ್‌ಓ ನೀರು ಬೆರೆಸಿ ಸಾಕಬಹುದು, ನಿಜ. ಆದರೆ ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಅಳತೆಯಲ್ಲಿ ಬೆರೆಸಬೇಕು. ನೀರಿಗೆ ಪರದಾಡುವ ಊರಲ್ಲಿ ಆರ್‌ಓ ಮಷಿನ್ ಚೆಲ್ಲುವ ನೀರಿನ ಬಗ್ಗೆಯೂ ಯೋಚಿಸಬೇಕು, ಅಲ್ವಾ? ನನ್ನ ಮನಸ್ಸು ಒಪ್ಪಲಿಲ್ಲ.

ಅಂಗಡಿಗಳಲ್ಲಿ ‘ಮಿಕ್ಸ್ ಆಫ್ರಿಕನ್’ ಅಂತ ಬಣ್ಣಬಣ್ಣದ ಮರಿಗಳು ಸಿಗುತ್ತವೆ. ಬಹುಪಾಲು ಮಲಾವಿ ಸರೋವರದ ಬಂಡೆಗಳಲ್ಲಿ ಬಾಳುವ ಎಂಬುನಾ ಮೀನುಗಳು. ಗಡಸು ನೀರು ಇವಕ್ಕೆ ಇಷ್ಟವೇ. ತೊಂದರೆ ಇರುವುದು ಜಾಗದ್ದು. ಒಂದಿಂಚಿನ ಮರಿ ನಾಲ್ಕಿಂಚು ಬೆಳೆದ ಮೇಲೆ ಗಂಡು ತನ್ನ ಎಲ್ಲೆ ಹಾಕಿಕೊಳ್ಳುತ್ತೆ. ಎರಡಡಿ ಟ್ಯಾಂಕಿನಲ್ಲಿ ಆ ಎಲ್ಲೆ ಇಡೀ ಟ್ಯಾಂಕೇ. ಎಂಬುನಾಗಳಲ್ಲೇ ಜಗಳಗಂಟಿಯಾದ ಆರೇಟಸ್‌ನ ಗಂಡು ಇದ್ದರಂತೂ ಉಳಿದವಕ್ಕೆ ಓಡಿ ಹೋಗಲು ದಾರಿಯೇ ಇರಲ್ಲ. ಇವಕ್ಕೆ ನಾಲ್ಕಡಿ ಟ್ಯಾಂಕೇ ಬೇಕು.

ಕೊನೆಗೆ ನಾನು ತಂದದ್ದು ಆಫ್ರಿಕಾದ್ದೇ ಆದ, ಗಡಸು ನೀರಿನ ಟ್ಯಾಂಗನಿಕಾ ಸರೋವರದ ಮಲ್ಟಿಫ್ಯಾಸಿಯೇಟಸ್. ಹವ್ಯಾಸದವರ ಬಾಯಲ್ಲಿ ಬರೀ ‘ಮಲ್ಟಿ’. ಗಂಡು ನಾಲ್ಕೂವರೆ ಸೆಂಟಿಮೀಟರ್, ಹೆಣ್ಣು ಮೂರೂವರೆ ದಾಟುವುದು ಅಪರೂಪ. ಸರೋವರದ ತಳದಲ್ಲಿ ರಾಶಿಬಿದ್ದ ಖಾಲಿ ಬಸವನಹುಳುವಿನ ಚಿಪ್ಪುಗಳೇ ಇವುಗಳ ಮನೆ. ಒಂದೊಂದು ಮೀನಿಗೂ ಕಾಯಲು ಬೇಕಾದದ್ದು ತನ್ನ ಚಿಪ್ಪಿನ ಸುತ್ತ ಅಂಗೈಯಗಲ ಜಾಗ. ಇಷ್ಟು ಕಡಿಮೆ ನೆಲ ಕೇಳುವ ಸಿಕ್ಲಿಡ್ ಬೇರೆ ಸಿಗುವುದು ಕಷ್ಟ.

ಗದ್ದೆ ಬಸವನಹುಳುವಿನ ಖಾಲಿ ಚಿಪ್ಪು ನಮ್ಮಲ್ಲಿ ಸುಲಭವಾಗಿ ಸಿಗುತ್ತೆ. ನಿಂಬೆಹಣ್ಣಿನ ಗಾತ್ರದವನ್ನು ಆರಿಸಿ, ಒಳಗೆ ಏನೂ ಉಳಿಯದ ಹಾಗೆ ಕುದಿಸಿ ತೊಳೆದು ಹಾಕಿದೆ. ಮೀನೊಂದಕ್ಕೆ ಎರಡು ಮೂರು ಚಿಪ್ಪು ಇರಲೇಬೇಕು. ಕಡಿಮೆ ಇದ್ದರೆ ಜಗಳ. ಕೆಳಗೆ ಜರಡಿ ಹಿಡಿದ ಸಣ್ಣ ಮರಳು, ಎರಡಿಂಚು ದಪ್ಪ. ಎಂ-ಸ್ಯಾಂಡ್ ಬೇಡ, ಅದರ ಕಣಗಳು ಚೂಪು. ಈ ಮೀನು ದಿನವಿಡೀ ಮರಳನ್ನು ಬಾಯಲ್ಲೇ ಹೊರುತ್ತೆ. ಗಮನಿಸಿ ನೋಡಿ: ಚಿಪ್ಪಿನ ಬುಡದಲ್ಲಿ ಬಾಯಿತುಂಬ ಮರಳು ಕಚ್ಚಿ, ಎರಡಿಂಚು ದೂರ ಹೋಗಿ ಉಗುಳಿ, ತಿರುಗಿ ಬರುತ್ತೆ. ಚಿಪ್ಪು ನಿಧಾನವಾಗಿ ಒಳಗಿಳಿದು ಬಾಯಿ ಮಾತ್ರ ಮೇಲೆ ಕಾಣುವ ತನಕ ಬಿಡಲ್ಲ. ನಾವು ಜೋಡಿಸಿದ್ದನ್ನು ಅವು ಹೇಗಿದ್ದರೂ ಬದಲಾಯಿಸುತ್ತವೆ, ಸುಮ್ನೆ ಬಿಟ್ಟುಬಿಡುವುದೇ ಒಳ್ಳೆಯದು.

ಗಡಸು ನೀರಿನಲ್ಲಿ ಒಂದು ಎಚ್ಚರ ಮಾತ್ರ ತಪ್ಪಬಾರದು. ಮೀನಿನ ತ್ಯಾಜ್ಯದಿಂದ ನೀರಿಗೆ ಅಮೋನಿಯಾ ಸೇರುತ್ತೆ. ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು. ಅದಕ್ಕೇ ಫಿಲ್ಟರ್‌ನಲ್ಲಿ ಅದನ್ನು ಒಡೆಯುವ ಬ್ಯಾಕ್ಟೀರಿಯಾ ಬೆಳೆದು, ಅಮೋನಿಯಾ ಮತ್ತು ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ಬಿಟ್ಟೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸ್ಪಾಂಜ್ ಫಿಲ್ಟರ್ ಸಾಕು, ಮರಿಗಳನ್ನೂ ಎಳೆದುಕೊಳ್ಳಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಹಾಕಿ 25-26 ಡಿಗ್ರಿ ಕಾಪಾಡುತ್ತೇನೆ.

ಎಳೆಯ ಮೀನುಗಳನ್ನೇ ಆರು ತಂದೆ, ಯಾಕೆಂದರೆ ಆ ವಯಸ್ಸಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಗುಂಪಿನಲ್ಲಿ ತಾವೇ ಜೊತೆ ಆರಿಸಿಕೊಳ್ಳುತ್ತವೆ. ಈಗ ದೊಡ್ಡವು, ಹಿಂದಿನ ಸೂಲಿನ ಮರಿಗಳು, ಇನ್ನೂ ಅಕ್ಕಿಕಾಳಿನಷ್ಟಿರುವ ಹೊಸ ಮರಿಗಳು ಎಲ್ಲ ಒಂದೇ ಕಡೆ ಇವೆ. ಬೇರೆ ಎಷ್ಟೋ ಸಿಕ್ಲಿಡ್‌ಗಳು ಮತ್ತೆ ಮೊಟ್ಟೆಯಿಡುವಾಗ ಹಳೆಯ ಮರಿಗಳನ್ನು ಓಡಿಸುತ್ತವೆ. ಮಲ್ಟಿ ಹಾಗಲ್ಲ. ಈ ಒಂದು ಗುಣಕ್ಕೇ ನನಗೆ ಇವು ಇಷ್ಟ. ಜೊತೆಗೆ ಬೇರೆ ಮೀನು ಯಾವುದನ್ನೂ ಹಾಕಿಲ್ಲ. ತಳದಲ್ಲಿ ಓಡಾಡುವ ಮೀನು ಹಾಕಿದರೆ ಅದಕ್ಕೂ ನೆಮ್ಮದಿಯಿಲ್ಲ, ಇವಕ್ಕೂ ಇಲ್ಲ.

ನಿಮ್ಮ ನೀರು ತೀರಾ ಗಡಸಲ್ಲ ಅಂದರೆ ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್ ಎಂಬ ಸಿಕ್ಲಿಡ್‌ನ ಒಂದು ಜೋಡಿ ಈ ಅಳತೆಯ ಟ್ಯಾಂಕಿಗೆ ಸರಿಹೋಗುತ್ತೆ. ಒಂದೇ ಜೋಡಿ. ತೆಂಗಿನ ಚಿಪ್ಪಿಗೆ ತೂತು ಮಾಡಿ ಬೋರಲು ಹಾಕಿದರೆ ಅದೇ ಅವುಗಳ ಗವಿ. ನಮ್ಮದೇ ಕರಾವಳಿಯ ಆರೆಂಜ್ ಕ್ರೋಮೈಡ್ ಕೂಡ ಮೂರಿಂಚಿನ ಸಿಕ್ಲಿಡ್, ಗಡಸು ನೀರಿಗೆ ಒಗ್ಗುತ್ತೆ. ಆದರೆ ದಕ್ಷಿಣ ಕನ್ನಡದ ನದಿಗಳಲ್ಲಿ ಬಾಳುವ ಇನ್ನೊಂದು ಸಿಕ್ಲಿಡ್ ಎಟ್ರೊಪ್ಲಸ್ ಕೆನರೆನ್ಸಿಸ್ ಅಪರೂಪವಾಗುತ್ತಿರುವ ಮೀನು, ಅದನ್ನು ಹೊಳೆಯಿಂದ ಹಿಡಿದು ತರಬೇಡಿ.

ಮರಿ ಜಾಸ್ತಿಯಾದಾಗ ಕೊಡಲು ಜನ ಬೇಕು. ಎಂಥ ಪುಟ್ಟ ಮೀನಾದರೂ ಕೆರೆಗೆ ಬಿಡಬಾರದು. ಜಿಲೇಬಿಯೂ ಹೊರಗಿನಿಂದಲೇ ಬಂದದ್ದು. ಬಲೆ ಹಾಕಿದರೆ ಮಲ್ಟಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತೆ, ಹಾಗಾಗಿ ನಾನು ಚಿಪ್ಪಿನ ಸಮೇತ ಕವರಿಗೆ ಹಾಕಿ ಕೊಡುತ್ತೇನೆ. ಕೊಡುವ ಮೊದಲು ಅವರ ಮನೆ ನೀರು ಒಂದು ಬಾಟಲಿ ತರಿಸಿಕೊಂಡು ಕಿಟ್‌ನಲ್ಲಿ ನೋಡುತ್ತೇನೆ.