ದೋಗೊ ಬಿಸಿನೀರಿಗೆ ಇಳಿಯುವ ಮುನ್ನ

ಸಾಗರದ ನಮ್ಮ ಬಚ್ಚಲಲ್ಲಿ ಹಂಡೆ ಕಾಯಿಸಿ, ಎಣ್ಣೆ ಹಚ್ಚಿಕೊಂಡು ಮಿಂದು ಬೆಳೆದವಳು ನಾನು. ಬಿಸಿನೀರಿನ ವಿಷಯದಲ್ಲಿ ನನಗೆ ಯಾರು ಪಾಠ ಹೇಳಬೇಕು ಎಂಬ ಗರ್ವದಿಂದಲೇ ಜಪಾನಿನ ಮತ್ಸುಯಾಮಾಕ್ಕೆ ಮಗಳ ಜೊತೆ ಹೋದೆ. ಪಾಠ ಹೇಳಿಸಿಕೊಂಡೇ ಬಂದೆ.

ಒಕಾಯಾಮಾದಿಂದ ಶಿಯೋಕಾಝೆ ರೈಲು ಹತ್ತಿದರೆ ಸಮುದ್ರದ ಸೇತುವೆ ದಾಟಿ ಮೂರು ಗಂಟೆಯೊಳಗೆ ಮತ್ಸುಯಾಮಾ. ನಿಲ್ದಾಣದ ಮುಂದೆ 5ನೇ ನಂಬರಿನ ಟ್ರಾಮ್ ಹಿಡಿಯಿರಿ. ಅದರ ಕೊನೆಯ ನಿಲ್ದಾಣವೇ ದೋಗೊ ಒನ್ಸೆನ್, ಅಂದರೆ ದೋಗೊದ ಬಿಸಿನೀರಿನ ಬುಗ್ಗೆ.

ಅಲ್ಲಿನ ಮೂರಂತಸ್ತಿನ ಮರದ ಸ್ನಾನಗೃಹ 1894ರದು. ಅಷ್ಟು ದುಡ್ಡು ಸುರಿಯುವುದಕ್ಕೆ ಊರಿನವರು ಆಗ ವಿರೋಧಿಸಿದ್ದರಂತೆ. ಈಗ ಅದೇ ಊರಿನ ಅನ್ನದ ಬಟ್ಟಲು. 2019ರಲ್ಲಿ ಶುರುವಾದ ದುರಸ್ತಿ ಮುಗಿದು 2024ರ ಜುಲೈಯಲ್ಲಿ ಪೂರ್ತಿ ತೆರೆದಿದೆ. ಹಗಲು ಜನ ಮುತ್ತುತ್ತಾರೆ, ಬೆಳಗ್ಗೆ ಆರಕ್ಕೇ ಹೋಗಿ. ಮಾಳಿಗೆಯ ಗೋಪುರದಲ್ಲಿ ನಗಾರಿ ಬಾರಿಸಿ ಬಾಗಿಲು ತೆಗೆಯುತ್ತಾರೆ. ಆ ಗೋಪುರದ ನೆತ್ತಿಯ ಮೇಲೊಂದು ಬೆಳ್ಳಕ್ಕಿ ಇದೆ. ಗಾಯಗೊಂಡ ಬೆಳ್ಳಕ್ಕಿ ಈ ನೀರಿನಲ್ಲಿ ಕಾಲಿಟ್ಟು ವಾಸಿಮಾಡಿಕೊಂಡಿತೆಂಬುದು ಇಲ್ಲಿಯ ಕಥೆ.

ಇನ್ನು ಎಲ್ಲರೂ ತಡವರಿಸುವ ವಿಷಯ. ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕ ಕೋಣೆಗಳಿವೆ, ಆದರೆ ಒಳಗೆ ಮೈಮೇಲೆ ಒಂದು ನೂಲೂ ಇರಕೂಡದು. ಈಜುಡುಗೆಯೂ ನಡೆಯದು. "ನಾನು ಹೊರಗೇ ಕೂರುತ್ತೇನೆ" ಎಂದು ಮಗಳಿಗೆ ಹೇಳಿದ್ದೆ. ಒಳಗೆ ಹೋದ ಮೇಲೆ ತಿಳಿಯಿತು, ನನ್ನತ್ತ ಯಾರೂ ನೋಡುತ್ತಿಲ್ಲ. ಎಪ್ಪತ್ತು ದಾಟಿದ ಅಜ್ಜಿಯರು ತಮ್ಮ ಮೊಣಕಾಲು ಉಜ್ಜಿಕೊಳ್ಳುವುದರಲ್ಲಿ ಮುಳುಗಿದ್ದರು.

ಮೊದಲು ಗೋಡೆಯ ಪಕ್ಕದ ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಾಕಿ, ನೊರೆಯ ಗುರುತೂ ಉಳಿಯದಂತೆ ತೊಳೆದುಕೊಳ್ಳಿ. ನಿಂತು ನೀರು ಸುರಿದುಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ. ತೊಟ್ಟಿ ಇರುವುದು ಕೊಳೆ ಕಳೆಯುವುದಕ್ಕಲ್ಲ, ಬರೀ ಮೈ ನೆನೆಸುವುದಕ್ಕೆ. ಕೂದಲು ಎತ್ತಿ ಕಟ್ಟಿ, ಮೆಲ್ಲನೆ ಇಳಿಯಿರಿ. ನೀರು ಸುಮಾರು 42 ಡಿಗ್ರಿ. ನಾನು ಕೈಟವೆಲನ್ನು ನೀರಿಗೆ ಬಿಟ್ಟಾಗ ಎದುರಿನ ಅಜ್ಜಿಯೊಬ್ಬರು ಏನೂ ಹೇಳದೆ ತಮ್ಮ ತಲೆಯತ್ತ ಬೆರಳು ತೋರಿಸಿದರು. ಅವರ ಟವೆಲ್ ಮಡಚಿ ನೆತ್ತಿಯ ಮೇಲೆ ಕುಳಿತಿತ್ತು. ನಾನೂ ಹಾಗೆಯೇ ಇಟ್ಟುಕೊಂಡೆ. ಅವರು ನಕ್ಕರು.

ಮೊದಲ ಸಲ ಐದು ನಿಮಿಷ ಸಾಕು. ತಲೆ ಸುತ್ತುವ ಮುಂಚೆ ಎದ್ದು, ಬಟ್ಟೆ ಬದಲಿಸುವ ಕೋಣೆಗೆ ಹೋಗುವ ಮೊದಲು ಮೈ ಒರೆಸಿಕೊಳ್ಳಿ. ಅಲ್ಲಿ ಮೊಬೈಲ್ ಹೊರತೆಗೆಯಬೇಡಿ.

ಟಿಕೆಟಿನಲ್ಲಿ ಜಿಪುಣತನ ಬೇಡ. ಸ್ವಲ್ಪ ಹೆಚ್ಚು ಕೊಟ್ಟರೆ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮೇಲಿನ ಮಹಡಿಯ ಚಾಪೆ ಹಾಸಿದ ಹಜಾರದಲ್ಲಿ ಕಾಲು ಚಾಚಬಹುದು. ಚಹಾ, ಅಕ್ಕಿಯ ಬಿಸ್ಕತ್ತು ತಂದುಕೊಡುತ್ತಾರೆ. ಎಣ್ಣೆಸ್ನಾನದ ಮೇಲೆ ಅಮ್ಮ ಹೊದಿಸಿ ಮಲಗಿಸುತ್ತಿದ್ದ ಸುಖ ಅಲ್ಲಿ ಸಿಕ್ಕಿತು.

ಸಸ್ಯಾಹಾರಿಗಳಿಗೊಂದು ಮಾತು: ಹೊರಗಿನ ಅಂಗಡಿಸಾಲಿನಲ್ಲಿ ಮೂರು ಬಣ್ಣದ ಬೊಚ್ಚಾನ್ ದಾಂಗೊ ಎಂಬ ಸಿಹಿ ಉಂಡೆಗಳನ್ನು ಕಡ್ಡಿಗೆ ಚುಚ್ಚಿ ಮಾರುತ್ತಾರೆ. ಹಸಿರು ಬಣ್ಣದ ಉಂಡೆ ಚಹಾದ್ದು, ಕಂದು ಬಣ್ಣದ್ದು ಕೆಂಪವರೆಯಂಥ ಕಾಳಿನದು. ಹಳದಿಯದರಲ್ಲಿ ಮೊಟ್ಟೆ ಇರುತ್ತದೆ. ನನ್ನ ಪಾಲಿನದನ್ನು ಮಗಳು ತಿಂದಳು.